ಕದ್ದ ಹಣ ವಾಪಸ್ ಬಂತು, ಚಾರ್ಜ್ ಮಾತ್ರ ಉಳಿಯಿತು

ಕಳ್ಳರು ತೆಗೆದ ಹಣ ವಾಪಸ್ ಬರೋದಕ್ಕೆ ಅಷ್ಟೇನೂ ಕಷ್ಟ ಆಗಲಿಲ್ಲ. ಅದರ ಬೆನ್ನಿಗೇ ಬ್ಯಾಂಕ್ ಹಾಕಿದ ಚಾರ್ಜ್‌ಗಳನ್ನು ವಾಪಸ್ ಪಡೆಯುವಷ್ಟರಲ್ಲಿ ಸಾಕಾಗಿ ಹೋಯಿತು.

ಹೊರದೇಶದ ಸೈಟ್‌ಗಳಲ್ಲಿ ಸಾಫ್ಟ್‌ವೇರ್ ಕೊಳ್ಳೋಕೆ ಅಂತ ಒಂದು ಆನ್‌ಲೈನ್ ಪೇಮೆಂಟ್ ಖಾತೆ ಇಟ್ಟುಕೊಂಡಿದ್ದೆ, ಅದಕ್ಕೆ ಡೆಬಿಟ್ ಕಾರ್ಡ್ ಜೋಡಿಸಿದ್ದೆ. ಯಾರೋ ಅದರೊಳಗೆ ನುಗ್ಗಿದರು. ಮೊದಲು ಒಂದು ಚಿಲ್ಲರೆ ಮೊತ್ತ ಹೋಯಿತು. ಕಾರ್ಡ್ ನಡೆಯುತ್ತಾ ಇಲ್ವಾ ಅಂತ ನೋಡೋ ಅವರ ರೂಢಿ ಅದು. ಆಮೇಲೆ ದೊಡ್ಡ ಮೊತ್ತಗಳು, ಒಂದರ ಹಿಂದೊಂದು. ಓಟಿಪಿ ಬರಲೇ ಇಲ್ಲ. ಹೊರದೇಶದ ವ್ಯಾಪಾರಿ ಕೇಳದಿದ್ದರೆ ಓಟಿಪಿ ಇಲ್ಲದೆಯೂ ಹಣ ಕಡಿತ ಆಗಬಹುದು. ಮೆಸೇಜ್ ನೋಡಿದ ಕೂಡಲೇ ಕಾರ್ಡ್ ಬ್ಲಾಕ್ ಮಾಡಿಸಿ, ದೂರಿನ ನಂಬರ್ ಬರೆದಿಟ್ಟುಕೊಂಡು, ಸೈಬರ್ ಸಹಾಯವಾಣಿ 1930ಕ್ಕೂ ಹೇಳಿದೆ.

ಖಾತೆ ಬರಿದಾಗಿತ್ತು. ಅದೇ ಹೊತ್ತಿಗೆ ಸಾಲದ ಇಎಂಐ ತಾರೀಕು ಬಂತು, ಬೌನ್ಸ್ ಆಯಿತು. ಸಾಲ ಕೊಟ್ಟ ಕಂಪನಿ ಮತ್ತೊಮ್ಮೆ ಪ್ರಯತ್ನ ಮಾಡಿತು, ಮತ್ತೆ ಬೌನ್ಸ್. ಬ್ಯಾಂಕ್ ಎರಡು ಬೌನ್ಸ್‌ಗೂ ಬೇರೆಬೇರೆಯಾಗಿ ದಂಡ ಹಾಕಿತು, ಅದಕ್ಕೆ ರಿಟರ್ನ್ ಚಾರ್ಜ್ ಅಂತ ಹೆಸರು. ಮಿನಿಮಮ್ ಬ್ಯಾಲೆನ್ಸ್ ಇಲ್ಲ ಅಂತ ಇನ್ನೊಂದು. ಕಳ್ಳರು ವಿದೇಶಿ ಕರೆನ್ಸಿಯಲ್ಲಿ ಖರ್ಚು ಮಾಡಿದ್ದಕ್ಕೆ ಮಾರ್ಕಪ್, ಅಂದರೆ ಕರೆನ್ಸಿ ಬದಲಾಯಿಸೋ ಶುಲ್ಕ, ಅಂತ ಮಗದೊಂದು, ಅದೂ ನನ್ನ ತಲೆಗೇ! ಗಾಯದ ಮೇಲೆ ಬರೆ ಎಳೆದಂತೆ ಪ್ರತಿಯೊಂದರ ಕೆಳಗೂ 18% ಜಿಎಸ್‌ಟಿಯ ಸಾಲು.

ಸ್ವಲ್ಪ ದಿನಕ್ಕೆ ಹೋದ ಹಣವನ್ನು ಬ್ಯಾಂಕ್ ಖಾತೆಗೆ ಹಾಕಿತು. ಚಾರ್ಜ್‌ಗಳನ್ನು ಮುಟ್ಟಲಿಲ್ಲ. ಬ್ರಾಂಚ್‌ಗೆ ಹೋದೆ.

"ನಿಮ್ಮ ಹಣ ಬಂದಿದೆಯಲ್ಲ ಮೇಡಂ, ಇನ್ನೇನು?"

"ಚಾರ್ಜು?"

"ಅದು ಸಿಸ್ಟಮ್ಮೇ ಹಾಕೋದು, ನಮ್ಮ ಕೈಯಲ್ಲಿಲ್ಲ. ಬೇಕಾದ್ರೆ ಒಂದನ್ನ ವೇವ್ ಮಾಡೋಕೆ ರಿಕ್ವೆಸ್ಟ್ ಹಾಕ್ತೀನಿ."

ಈ ವೇವ್, ಅಂದರೆ ಮನ್ನಾ, ಅನ್ನೋ ಮಾತೇ ನನಗೆ ಸರಿ ಬರಲಿಲ್ಲ. ಅದು ಕೃಪೆ ತೋರಿಸೋ ಲೆಕ್ಕ, ಕೊಟ್ಟರೆ ಕೊಟ್ಟರು, ಇಲ್ಲದಿದ್ದರೆ ಇಲ್ಲ. ಮನೆಗೆ ಬಂದು ಆರ್‌ಬಿಐ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆ ಓದಿದೆ. ತಪ್ಪು ಬ್ಯಾಂಕಿನದೂ ಅಲ್ಲ ಗ್ರಾಹಕರದೂ ಅಲ್ಲ, ಮಧ್ಯೆ ಎಲ್ಲೋ ಆಗಿದೆ ಅಂದರೆ, ಬ್ಯಾಂಕಿನ ಮೆಸೇಜ್ ಬಂದು 3 ಕೆಲಸದ ದಿನಗಳ ಒಳಗೆ ದೂರು ಕೊಟ್ಟವರ ಮೇಲೆ ಹೊಣೆ ಇಲ್ಲ ಅನ್ನೋದನ್ನು ಎಲ್ಲರೂ ಹೇಳುತ್ತಾರೆ. ಯಾರೂ ಹೇಳದ ಒಂದು ಮಾತು ಅದರಲ್ಲಿದೆ. ದೂರು ಬಂದ 10 ಕೆಲಸದ ದಿನಗಳಲ್ಲಿ ಬ್ಯಾಂಕ್ ಹಣ ಜಮಾ ಮಾಡಬೇಕು, ಮತ್ತು ಆ ಜಮಾ ವಂಚನೆ ನಡೆದ ದಿನದ ತಾರೀಕಿಗೇ ಲೆಕ್ಕ ಆಗಬೇಕು.

ಸ್ಟೇಟ್‌ಮೆಂಟ್ ತೆಗೆದು ನೋಡಿದೆ. ತಾರೀಕಿನ ಪಕ್ಕದಲ್ಲಿ ವ್ಯಾಲ್ಯೂ ಡೇಟ್ ಅಂತ ಇನ್ನೊಂದು ಕಾಲಂ ಇದೆ, ಹಣ ಯಾವ ದಿನದಿಂದ ಲೆಕ್ಕಕ್ಕೆ ಬರುತ್ತೆ ಅನ್ನೋ ತಾರೀಕು ಅದು. ಎರಡೂ ಕಡೆ ಸಾಮಾನ್ಯವಾಗಿ ಒಂದೇ ತಾರೀಕು ಇರೋದರಿಂದ ಯಾರು ನೋಡ್ತಾರೆ ಅದನ್ನ? ನನ್ನ ಹಣ ವಾಪಸ್ ಬಂದ ಸಾಲಿನಲ್ಲೂ ಎರಡೂ ಒಂದೇ, ಹಣ ಜಮಾ ಆದ ದಿನದ್ದು. ಅಲ್ಲಿ ವಂಚನೆಯ ದಿನ ಇರಬೇಕಿತ್ತು. ಇದ್ದಿದ್ದರೆ ಲೆಕ್ಕದ ಪ್ರಕಾರ ನನ್ನ ಖಾತೆ ಒಂದು ದಿನವೂ ಬರಿದಾಗಿಲ್ಲ. ಬರಿದಾಗದ ಖಾತೆಯಿಂದ ಇಎಂಐ ಬೌನ್ಸ್ ಆಗೋದು ಹೇಗೆ?

ಪತ್ರದಲ್ಲಿ ಇಷ್ಟೇ ಬರೆದೆ. ಮನ್ನಾ ಮಾಡಿ ಅಂತ ಬೇಡಲಿಲ್ಲ, ವ್ಯಾಲ್ಯೂ ಡೇಟ್ ತಿದ್ದಿ, ಅದರಿಂದ ಬಿದ್ದ ಚಾರ್ಜ್‌ಗಳನ್ನು ಜಿಎಸ್‌ಟಿ ಸಮೇತ ವಾಪಸ್ ಹಾಕಿ ಅಂದೆ. ಸ್ಟೇಟ್‌ಮೆಂಟ್‌ನಲ್ಲಿ ಆ ಸಾಲುಗಳಿಗೆ ಹಳದಿ ಹಚ್ಚಿ ಲಗತ್ತಿಸಿ, ನನ್ನ ಪ್ರತಿಗೆ ಸೀಲ್ ಹಾಕಿಸಿಕೊಂಡೆ. 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕ್‌ಗಳ ಮೇಲಿನ ದೂರು ವಿಚಾರಿಸೋ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಶುಲ್ಕ ಇಲ್ಲ. ಅದನ್ನೂ ಕೊನೆಯ ಸಾಲಲ್ಲಿ ಸುಮ್ನೆ ಸೇರಿಸಿದೆ. ಕೌಂಟರ್‌ನವರು ಆ ಸಾಲನ್ನೇ ಮೊದಲು ಓದಿದರು ಅನ್ಸುತ್ತೆ, ಪತ್ರ ಸೀದಾ ಮ್ಯಾನೇಜರ್ ಟೇಬಲ್‌ಗೆ ಹೋಯಿತು.

ರಿಟರ್ನ್ ಚಾರ್ಜ್, ಮಿನಿಮಮ್ ಬ್ಯಾಲೆನ್ಸ್ ಚಾರ್ಜ್ ಎರಡೂ ವಾಪಸ್ ಬಂದವು. ಮಾರ್ಕಪ್ ಬಿಟ್ಟುಹೋಗಿತ್ತು, ಇನ್ನೊಂದು ಪತ್ರಕ್ಕೆ ಅದೂ ಬಂತು.

ಸಾಲದ ಕಂಪನಿಯದು ಬೇರೆಯೇ ಕಥೆ. ಅವರೂ ತಮ್ಮ ಕಡೆಯಿಂದ ಬೌನ್ಸ್ ಚಾರ್ಜ್ ಹಾಕಿದ್ದಾರೆ, ಬ್ಯಾಂಕಿನ ಲೆಕ್ಕಕ್ಕೂ ತಮಗೂ ಸಂಬಂಧ ಇಲ್ಲ ಅಂತಾರೆ. ಇದು ವಂಚನೆಯಿಂದ ಆದದ್ದು ಅಂತ ಬ್ಯಾಂಕಿನಿಂದ ಒಂದು ಪತ್ರ ಬರೆಸಿಕೊಂಡು ಅವರಿಗೆ ಕಳಿಸಿದ್ದೇನೆ. ಚಾರ್ಜ್‌ಗಿಂತ ಜಾಸ್ತಿ ಚಿಂತೆ, ಆ ತಿಂಗಳ ಕಂತು ತಡ ಅಂತ ಕ್ರೆಡಿಟ್ ರಿಪೋರ್ಟ್‌ನಲ್ಲಿ ಕೂತಿದೆಯಾ ಅನ್ನೋದು. ಹೊಸ ರಿಪೋರ್ಟ್ ತೆಗೆಸಿ ನೋಡಬೇಕು.