ರವಿವಾರದ ಸಂತೆಯಿಂದ ವಿಜಯಪುರಕ್ಕೆ ಹೊರಟ ಲೆಗೊ ಗೊಂಬೆ

ಜರ್ಮನಿಯಲ್ಲಿ ರವಿವಾರ ಅಂಗಡಿಗಳು ಬಂದ್. ಅವತ್ತೇ ಎಷ್ಟೋ ಊರುಗಳಲ್ಲಿ ಹಳೇ ಸಾಮಾನಿನ ಸಂತೆ ಕೂಡುತ್ತದೆ. ಹುಡುಗರು ನೆಲಕ್ಕೆ ಚಾದರ ಹಾಸಿ ತಮ್ಮ ಆಟಿಕೆ ಮಾರುತ್ತಾರೆ. ಆ ಡಬ್ಬಿಗಳಲ್ಲಿ ಲೆಗೊದ, ಅಂದರೆ ಪ್ಲಾಸ್ಟಿಕ್ ಚೂರು ಜೋಡಿಸಿ ಆಡುವ ಆಟಿಕೆಯ, ಪೊಟ್ಟಣದ ಗೊಂಬೆಗಳಿರುತ್ತವೆ. ಊರಿನ ಅಣ್ಣನ ಮಗನಿಗೆ, ಅಕ್ಕನ ಮಗಳಿಗೆ ಒಯ್ಯುವವರು ಸ್ವಲ್ಪ ನೋಡಿ ಆರಿಸಬೇಕು.

ಒಳಗೇನಿದೆ ಎಂದು ಕಾಣದ ಈ ಪೊಟ್ಟಣಗಳು ಶುರುವಾದದ್ದು 2010ರಲ್ಲಿ, ಮೊದಲ ಸರಣಿಯ 16 ಗೊಂಬೆಗಳೊಂದಿಗೆ. 2023ರ ಸೆಪ್ಟೆಂಬರ್‌ನಿಂದ ರಟ್ಟಿನ ಡಬ್ಬಿ ಬಂತು, ಹೊರಗಿನಿಂದ ಒತ್ತಿ ನೋಡಿ ಗೊಂಬೆ ಗುರುತಿಸಲು ಬೆರಳಿಗೆ ಕೆಲಸ ಉಳಿಯಲಿಲ್ಲ. ಹಳೇ ಪೊಟ್ಟಣ ಸಿಕ್ಕರೆ ಹಗುರಾಗಿ ಅಲುಗಾಡಿಸಿ ಚೂರುಗಳನ್ನು ಒಂದು ಮೂಲೆಗೆ ತನ್ನಿ. ಚಪ್ಪಟೆ ಪೀಠ, ಮುಂಡ, ಕಾಲು ಬಹುತೇಕ ಎಲ್ಲದರಲ್ಲೂ ಇರುತ್ತವೆ, ಅವನ್ನು ಪಕ್ಕಕ್ಕೆ ಸರಿಸಿ ಉಳಿದದ್ದನ್ನು ಹುಡುಕಿ. ದುಂಡನೆಯ ತಲೆ ಮೂರು ಸಿಕ್ಕರೆ ಎರಡನೇ ಸರಣಿಯ ಮೂಕಾಭಿನಯದವನು. ಎರಡು ಈಜುಪಾದ ಸಿಕ್ಕರೆ ಮೊದಲ ಸರಣಿಯ ಮುಳುಗುಗಾರ. ಗಟ್ಟಿಯಾಗಿ ಒತ್ತಬೇಡಿ, ತೆಳುವಾದ ಚೂರು ಬಾಗುತ್ತದೆ. ಮೇಲೆ-ಕೆಳಗಿನ ಅಂಚಿನಲ್ಲಿ ಅಂಟಿನ ಗುರುತು ಕಂಡರೆ ಬಿಟ್ಟುಬಿಡಿ, ಯಾರೋ ಬಿಚ್ಚಿ ಮತ್ತೆ ಮುಚ್ಚಿರುತ್ತಾರೆ.

ಬಿಡಿ ಗೊಂಬೆಯಾದರೆ ತಲೆ ತೆಗೆದು ಕುತ್ತಿಗೆಯ ಮೇಲೆ ನೋಡಿ. ಲೆಗೊ ಎಂಬ ಅಚ್ಚು ಇಲ್ಲದಿದ್ದರೆ ನಕಲಿ. ಗುರುತಿಗೆ ಎಲ್ಲಕ್ಕಿಂತ ನಂಬಿಕೆಯದು ಎದೆಯ ಚಿತ್ರ, ಯಾಕೆಂದರೆ ಕೂದಲು, ಟೋಪಿ ಮಕ್ಕಳ ಕೈಯಲ್ಲಿ ಅದಲು ಬದಲಾಗಿರುತ್ತವೆ. ಕೈಯಲ್ಲಿ ಹಿಡಿಯುವ ಸಾಮಾನೇ ಮೊದಲು ಕಳೆಯುವುದು. ಮೊದಲ ಸರಣಿಯ ಜೊಂಬಿಗೆ, ಅಂದರೆ ಎದ್ದು ನಡೆಯುವ ಹೆಣದ ಗೊಂಬೆಗೆ, ಸಲಿಕೆಯ ಜೊತೆ ಕೋಳಿಕಾಲೂ ಬೇಕು. ಪೀಠ 3×4 ಗುಬ್ಬಿಯ (ಚೂರು ಸಿಕ್ಕಿಸುವ ದುಂಡನೆ ಉಬ್ಬಿನ) ಅಳತೆಯದು, ಆದರೆ ನಡುವೆ ನಾಲ್ಕೇ ಗುಬ್ಬಿ. 2013ರ ಹತ್ತನೇ ಸರಣಿಯ ಚಿನ್ನದ ಬಣ್ಣದ ಗೊಂಬೆ ಜಗತ್ತಿಗೆಲ್ಲ ಬರೀ 5000. ಅದು ಅಗ್ಗಕ್ಕೆ ಸಿಕ್ಕರೆ ನಂಬಬೇಡಿ.

ಆಮೇಲೆ ಮುಂಡವನ್ನು ಬೆಳಕಿಗೆ ಹಿಡಿದು ಓರೆ ಮಾಡಿ. ತೋಳಿನ ಕೆಳಗೆ, ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಇರಬಹುದು. ತೋಳು, ಕಾಲು ಒಳಗಿನಿಂದ ಬಿಗಿಯಾಗಿ ಒತ್ತುವುದರಿಂದ ಪ್ಲಾಸ್ಟಿಕ್ ಸೀಳುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತಿನ ಕೊಂಬು ಮುರಿದರೆ ಹಸಿ ಮಣ್ಣು ಹಚ್ಚಿದರಾಯಿತು. ಇಲ್ಲಿ ಅಂಟು ಹಾಕಿದರೆ ತೋಳೇ ತಿರುಗದೆ ನಿಲ್ಲುವ ಅಪಾಯ.

ತೊಳೆಯಲು 40 ಡಿಗ್ರಿಗಿಂತ ಬಿಸಿಯಾದ ನೀರು ಬೇಡ. ಚೂರು ಬಿಡಿಸಿ, ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ನೆರಳಲ್ಲಿ ಒಣಗಿಸಿ. ಬೆಳ್ಳಿ, ಬಂಗಾರದ ಬಣ್ಣದ ಅಚ್ಚನ್ನು ಉಜ್ಜಲೇಬಾರದು.

ಊರಿಗೆ ಒಯ್ಯುವಾಗ ಒಂದೊಂದಕ್ಕೂ ಬೇರೆ ಜಿಪ್ ಚೀಲ, ಒಳಗೆ ಸರಣಿಯ ಸಂಖ್ಯೆ ಬರೆದ ಚೀಟಿ. ಮೂರು ವರ್ಷದೊಳಗಿನ ಕೂಸಿಗೆ ಕೊಡಬೇಡಿ, ಚೂರು ಗಂಟಲಿಗೆ ಸಿಕ್ಕುತ್ತದೆ. ವಿಜಯಪುರದ ಬಿಸಿಲು ಕಿಟಕಿಯಿಂದ ನೇರ ಬಿದ್ದರೆ ಬಿಳಿಯ ಚೂರು ಹಳದಿಗೆ ತಿರುಗುತ್ತದೆ. ಗೋಕಾಕದ ಮರದ ಆಟಿಕೆ ಹಣ್ಣುಗಳಿಟ್ಟ ಒಳಕೋಣೆಯ ಕಪಾಟಿದ್ದರೆ ಅದರಲ್ಲೇ ಇಡಿ.