ಸೇರಿಸಿದ ಮೇಲೆ ಮೂರು ಅಡಿಕೆ ಯಾರು ತಿಂದರು?

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಮರುದಿನದಿಂದ ನಮ್ಮ ಕಡೆಯ ಅಕ್ಷಯ ಕೇಂದ್ರಗಳ, ಅಂದರೆ ಕೇರಳ ಸರಕಾರದ ಆನ್‌ಲೈನ್ ಸೇವಾ ಕೇಂದ್ರಗಳ, ಮೆಟ್ಟಿಲಲ್ಲಿ ಚಪ್ಪಲಿಗಳ ರಾಶಿ ಬೀಳುತ್ತದೆ. ಪ್ಲಸ್ ವನ್‌ಗೆ, ಅಂದರೆ ಹನ್ನೊಂದನೆಯ ತರಗತಿಗೆ, ಏಕಜಾಲಕ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಅರ್ಜಿ ಹಾಕಬೇಕು. ಯಾವ ಶಾಲೆ, ಯಾವ ಕಾಂಬಿನೇಷನ್ ಎಂದು ಒಂದರ ಕೆಳಗೊಂದು ತುಂಬಬೇಕು. ಅದಕ್ಕೂ ಮೊದಲು ಹೆತ್ತವರು ಶಾಲೆಗೊಮ್ಮೆ ಬಂದು ಹೋಗುತ್ತಾರೆ. ಲೆಕ್ಕದ ಟೀಚರಾದ ನನ್ನಲ್ಲಿ ಅವರು ಕೇಳುವುದು ಒಂದೇ ಮಾತು: "ಇವಳಿಗೆ ಲೆಕ್ಕ ಆದೀತೇ ಟೀಚರ್?"

ಕಾಸರಗೋಡಿನ ಪೂರ್ವಕ್ಕಿರುವ ಗುಡ್ಡದ ಬದಿಯ ಕನ್ನಡ ಮಾಧ್ಯಮ ಹೈಸ್ಕೂಲೊಂದರಲ್ಲಿ ನಾನು 19 ವರ್ಷಗಳಿಂದ ಗಣಿತ ಕಲಿಸುತ್ತಿದ್ದೇನೆ. ಈ ಪ್ರಶ್ನೆಗೆ ಬಹಳ ಕಾಲ ಉತ್ತರ ನನ್ನ ನಾಲಗೆಯ ತುದಿಯಲ್ಲೇ ಇರುತ್ತಿತ್ತು. ಅಂಕಪಟ್ಟಿ ನೋಡುವುದು, ಸಿ ಅಥವಾ ಡಿ ಪ್ಲಸ್ ಕಂಡರೆ "ಲೆಕ್ಕ ಇಲ್ಲದ್ದನ್ನೇ ಹಾಕಿ, ಸುಮ್ಮನೆ ಯಾಕೆ ಕಷ್ಟ" ಎನ್ನುವುದು. ಹ್ಯುಮಾನಿಟೀಸ್ ಇದೆ, ಕಂಪ್ಯೂಟರ್ ಅಪ್ಲಿಕೇಷನ್ ಇರುವ ಕಾಮರ್ಸ್ ಇದೆ. ತಾಯಂದಿರು ತಲೆಯಾಡಿಸುತ್ತಿದ್ದರು. ಅಡಿಕೆ ಸುಲಿಯಲು ಹೋಗಬೇಕಾದ ದಿನ ರಜೆ ಮಾಡಿ ಬಂದವರು ಟೀಚರ ಮಾತಿಗೆ ಎದುರಾಡುವುದುಂಟೇ? ನನಗೂ ಮಗುವಿನ ಭಾರ ಇಳಿಸಿದ ಸಮಾಧಾನ.

ಆ ಸಮಾಧಾನ ಕದಡಿದ್ದು ಬಸ್ಸಿಗೆ ಕಾಯುತ್ತಿದ್ದಾಗ. ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಿದಳು. ಕಂಪ್ಯೂಟರ್ ಸೈನ್ಸ್ ಬೇಕೆಂದಿದ್ದವಳನ್ನು ನಾನೇ ಹ್ಯುಮಾನಿಟೀಸಿಗೆ ತಿರುಗಿಸಿದ್ದೆ. ಡಿಗ್ರಿಯಲ್ಲಿ ಇತಿಹಾಸ ಓದುತ್ತಿದ್ದಳು, ಚೆನ್ನಾಗಿಯೇ ಇದ್ದಳು, ದೂರೇನೂ ಇರಲಿಲ್ಲ. ಮಾತಿನ ನಡುವೆ ನಗುತ್ತಲೇ ಹೇಳಿದಳು: "ಎಂಟನೆಯಲ್ಲಿ ನಮಗೆ ಲೆಕ್ಕಕ್ಕೆ ಬಂದವರಿಗೆ ಕನ್ನಡ ಬರುತ್ತಿರಲಿಲ್ಲ ಟೀಚರ್. ಅವರು ಪರಪ್ಪಳವ್ ಎನ್ನುತ್ತಿದ್ದರು, ಪುಸ್ತಕದಲ್ಲಿ ವಿಸ್ತೀರ್ಣ ಎಂದಿರುತ್ತಿತ್ತು. ಎರಡೂ ಒಂದೇ ಎಂದು ನನಗೆ ತಿಳಿದದ್ದು ಹತ್ತನೆಯಲ್ಲಿ."

ಅವಳು ಎಂಟನ್ನು ಓದಿದ್ದು ಬೇರೆ ಶಾಲೆಯಲ್ಲಿ, ನಮ್ಮಲ್ಲಿಗೆ ಬಂದದ್ದು ಒಂಬತ್ತಕ್ಕೆ. ಮನೆಯಲ್ಲಿ ತುಳು, ಪುಸ್ತಕದಲ್ಲಿ ಕನ್ನಡ, ಟೀಚರ ಬಾಯಲ್ಲಿ ಮಲಯಾಳ, ಬೋರ್ಡಿನ ಮೇಲೆ ಎಕ್ಸ್ ಮತ್ತು ವೈ. ಚುಟ್ಟಳವ್ ಎಂದರೆ ಸುತ್ತಳತೆ ಎಂದು ಹೇಗೋ ಊಹಿಸಬಹುದು, ಪರಪ್ಪಳವನ್ನು ಹೇಗೆ ಊಹಿಸುವುದು? ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡ ಬಾರದವರನ್ನು ಕಳುಹಿಸಿದಾಗ ಇಲ್ಲಿನ ಮಕ್ಕಳೇ ತರಗತಿ ಬಿಟ್ಟು ಹೊರಗೆ ಕುಳಿತದ್ದುಂಟು. ಆ ಸುದ್ದಿಗಳನ್ನು ಪತ್ರಿಕೆಯಲ್ಲಿ ಓದಿ ನಾನೂ ಸಿಟ್ಟಾದವಳೇ. ಆದರೆ ಅಂಥದೇ ಒಂದು ವರ್ಷ ನನ್ನ ಮುಂದೆ ಬೆಂಚಿನಲ್ಲಿ ಕುಳಿತಿದ್ದಾಗ ಅದಕ್ಕೆ "ಲೆಕ್ಕದಲ್ಲಿ ಹಿಂದೆ" ಎಂದು ಹೆಸರಿಟ್ಟೆ. ಅವಳ ಉತ್ತರಪತ್ರಿಕೆಯಲ್ಲಿ ಸುತ್ತಳತೆ ಕೇಳಿದಲ್ಲಿ ವಿಸ್ತೀರ್ಣ, ವಿಸ್ತೀರ್ಣ ಕೇಳಿದಲ್ಲಿ ಸುತ್ತಳತೆ ಇದ್ದದ್ದು ನೆನಪಿದೆ. ಕೆಂಪು ಗೆರೆ ಎಳೆದು ಪುಟ ತಿರುವಿದ್ದೂ ನೆನಪಿದೆ.

ಹತ್ತನೆಯ ತರಗತಿಯಲ್ಲಿ ಗಣಿತವನ್ನು ಬಿಡಲು ಯಾರಿಗೂ ಅವಕಾಶವಿಲ್ಲ. ಆದ್ದರಿಂದ ನಾವು ಬೇರೆ ದಾರಿ ಕಂಡುಕೊಂಡಿದ್ದೆವು: ಪುಸ್ತಕದೊಳಗೇ ಮಗುವನ್ನು ಪುಸ್ತಕದಿಂದ ದೂರ ಮಾಡುವುದು. ಇಲ್ಲಿನ ಗಣಿತ ಪರೀಕ್ಷೆಯಲ್ಲಿ ಬರವಣಿಗೆಗೆ 80 ಅಂಕ, ನಿರಂತರ ಮೌಲ್ಯಮಾಪನಕ್ಕೆ 20. ಪಾಸಾಗಲು ಬೇಕಾದ ಡಿ ಪ್ಲಸ್‌ಗೆ ಒಟ್ಟು 30 ಸಾಕಿತ್ತು. ಮೌಲ್ಯಮಾಪನದ 20ನ್ನು ಶಾಲೆಯೇ ಕೊಡುವುದು, ಕೊಡಲು ಯಾರ ಕೈಯೂ ಹಿಡಿಯುವುದಿಲ್ಲ. ಉಳಿದದ್ದು ಹತ್ತು. ಆ ಹತ್ತಕ್ಕಾಗಿ ಡಿಸೆಂಬರಿನಿಂದ ಸಂಜೆ ಕ್ಲಾಸು. ಒಂದು ರಚನೆ, ಸಂಖ್ಯಾಶಾಸ್ತ್ರದ ಒಂದು ಲೆಕ್ಕ, ಸಮಾಂತರ ಶ್ರೇಢಿಯಲ್ಲಿ ಮೊದಲೆರಡು ಪ್ರಶ್ನೆ. "ತ್ರಿಕೋನಮಿತಿ ನಿನಗಲ್ಲ, ಬಿಟ್ಟುಬಿಡು." ಹೀಗೆ ಹೇಳಿದ್ದು ಬೇರೆ ಯಾರೂ ಅಲ್ಲ, ನಾನು. 2024ರಲ್ಲಿ ರಾಜ್ಯದಲ್ಲಿ ಉತ್ತೀರ್ಣರಾದವರು ಶೇ. 99.69. ಇಂಥ ಕಾಲದಲ್ಲಿ ಒಬ್ಬ ಹುಡುಗ ಸೋತರೂ ಶಾಲೆಯ ಗೇಟಿನ ಬ್ಯಾನರಿನಲ್ಲಿ ನೂರು ಎಂದು ಬರೆಯುವಂತಿಲ್ಲ. ಸ್ಟಾಫ್ ಮೀಟಿಂಗಿನಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಮಗುವಿನ ಹಿತ ಎಂದೇ ಹೇಳುತ್ತೇವೆ.

ಸಿಬಿಎಸ್‌ಇಯಲ್ಲಿ 2020ರ ಪರೀಕ್ಷೆಯಿಂದ ಹತ್ತಕ್ಕೆ ಗಣಿತ ಎರಡು ಬಗೆ, ಸ್ಟ್ಯಾಂಡರ್ಡ್ ಮತ್ತು ಬೇಸಿಕ್. ಪಾಠ ಒಂದೇ, ಪ್ರಶ್ನೆಪತ್ರಿಕೆಯ ಬಿಗಿ ಬೇರೆ. ಅದರ ಬಗ್ಗೆಯೂ ನನಗೆ ತಕರಾರಿದೆ, ಆದರೆ ಅಲ್ಲಿ ಆಯ್ಕೆ ಕಾಗದದ ಮೇಲಿದೆ, ಮನೆಯವರಿಗೆ ಗೊತ್ತಿರುತ್ತದೆ. ನಮ್ಮ ಸಂಜೆ ಕ್ಲಾಸಿನ ಬೇಸಿಕ್ ಯಾವ ಕಾಗದದಲ್ಲೂ ಇರಲಿಲ್ಲ.

ಆಮೇಲೆ ಎಂಟನೆಯ ತರಗತಿಗೆ ಪ್ರತಿ ವಿಷಯದ ಬರವಣಿಗೆಯಲ್ಲೂ ಕನಿಷ್ಠ ಶೇ. 30 ಬೇಕೆಂಬ ನಿಯಮ ಬಂತು. ಸಿಗದವರಿಗೆ 2025ರ ಏಪ್ರಿಲಿನಲ್ಲಿ ವಿಶೇಷ ತರಗತಿ. ಸೆಕೆಗೆ ಹಂಚು ಕಾದಿರುವ ರಜೆಯಲ್ಲಿ ಕೆಲಸ ಹಚ್ಚಿದರಲ್ಲ ಎಂದು ಗೊಣಗಿಕೊಂಡೇ ಹೋದೆ. ಏಳು ಮಕ್ಕಳಿದ್ದರು. ಪಾಠ ಮುಗಿಸುವ ಅವಸರವಿಲ್ಲ, ಬೆಲ್ಲಿಲ್ಲ. ಇಷ್ಟು ವರ್ಷಗಳಲ್ಲಿ ಒಬ್ಬೊಬ್ಬರ ಪಕ್ಕದಲ್ಲಿ ಕುಳಿತು ಅವರು ಲೆಕ್ಕ ಮಾಡುವುದನ್ನು ನೋಡಿದ್ದು ಅದೇ ಮೊದಲು. ಮಾಡಿದ ಲೆಕ್ಕವನ್ನು ನೋಡಿದ್ದೆ, ಮಾಡುವುದನ್ನು ನೋಡಿರಲಿಲ್ಲ.

ಅವರಲ್ಲೊಬ್ಬ ಹುಡುಗ ಸಮೀಕರಣವನ್ನು ಸರಿಯಾಗಿಯೇ ಹೂಡುತ್ತಿದ್ದ, ಪದಗಳನ್ನು ಆಚೆ ಈಚೆ ಸಾಗಿಸುತ್ತಿದ್ದ, ಕೊನೆಗೆ ಉತ್ತರ ತಪ್ಪು. ಮೂರನೆಯ ದಿನ ಕಣ್ಣಿಗೆ ಬಿತ್ತು. ಅರ್ಧಕ್ಕೆ ಮೂರನೆಯ ಒಂದನ್ನು ಕೂಡಿಸಿ ಐದನೆಯ ಎರಡು ಎಂದು ಬರೆದಿದ್ದ. ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ. ಇದು ಐದನೆಯ ತರಗತಿಯಲ್ಲೋ ಆರರಲ್ಲೋ ಬಿದ್ದ ತೂತು, ಮೂರು ವರ್ಷದಿಂದ ಅಲ್ಲಿಂದಲೇ ಎಲ್ಲ ಸೋರುತ್ತಿತ್ತು.

ಶಾಲೆಯ ಹಿಂದೆಯೇ ಒಂದು ಮನೆಯ ಅಂಗಳ, ಅಲ್ಲಿ ಅಡಿಕೆ ಒಣಹಾಕಿದ್ದರು. ಕೇಳಿ ಮೂವತ್ತು ಅಡಿಕೆ ತರಿಸಿದೆ.

"ಇದರಲ್ಲಿ ಅರ್ಧ ಎಷ್ಟು?"

"ಹದಿನೈದು."

"ಮೂರನೆಯ ಒಂದು?"

"ಹತ್ತು."

"ನಿನ್ನ ಉತ್ತರ ಐದನೆಯ ಎರಡು. ಅದೆಷ್ಟು?"

ಆರಾರರಂತೆ ಐದು ಗುಂಪು ಮಾಡಿದ, ಎರಡು ಗುಂಪನ್ನು ಎಳೆದುಕೊಂಡ, ಎಣಿಸಿದ. ಹನ್ನೆರಡು. ತುಸು ಹೊತ್ತು ಸುಮ್ಮನೆ ನೋಡಿ, "ಹದಿನೈದು ಇತ್ತಲ್ಲ ಟೀಚರ್, ಅದಕ್ಕೆ ಹತ್ತು ಸೇರಿಸಿದ್ದೇವೆ. ಸೇರಿಸಿದ ಮೇಲೆ ಮೂರು ಅಡಿಕೆ ಯಾರು ತಿಂದರು?" ಎಂದ. ಏಳೂ ಮಂದಿ ನಕ್ಕರು. ಅವನು ನಗಲಿಲ್ಲ, ಇಪ್ಪತ್ತೈದು ಅಡಿಕೆಯನ್ನು ಐದೈದರ ಗುಂಪು ಮಾಡಿ ಎಣಿಸತೊಡಗಿದ. ಮೂವತ್ತಕ್ಕೆ ಅಂಥವು ಆರು ಗುಂಪು, ಅವನ ಕೈಯಲ್ಲಿರುವುದು ಐದು. ಆರನೆಯ ಐದು ಎಂದು ನಾನು ಹೇಳಬೇಕಾಗಿ ಬರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ನಾನು ಭಾರೀ ಟೀಚರ್ ಎಂದಾದೀತು. ಬಸ್ಸಿಗೆ ಕಾಯುತ್ತಿದ್ದಾಗ ಆ ಹುಡುಗಿ ಸಿಕ್ಕಿದ ಮರುವರ್ಷ ನಾನು ಎದುರು ದಿಕ್ಕಿಗೆ ವಾಲಿದ್ದೆ. ಒಬ್ಬ ಹುಡುಗನಿಗೆ ಐಟಿಐ ಮನಸ್ಸಿನಲ್ಲಿತ್ತು. ಬುದ್ಧಿಯಿದೆ, ಬಿಡಬಾರದು ಎಂದು ಅವನ ಅಪ್ಪನನ್ನು ಕರೆಸಿ ಸೈನ್ಸಿಗೇ ಹಾಕಿಸಿದೆ. ಪ್ಲಸ್ ವನ್‌ನಲ್ಲಿ ಎಲ್ಲವೂ ಇಂಗ್ಲಿಷ್, ವಿವರಣೆ ಮಲಯಾಳದಲ್ಲಿ. ನವರಾತ್ರಿ ರಜೆಯ ನಂತರ ಅವನು ಶಾಲೆಗೇ ಹೋಗಲಿಲ್ಲವಂತೆ. ಒಂದು ವರ್ಷ ಹಾಳು ಮಾಡಿಕೊಂಡು ಈಗ ವಯರಿಂಗ್ ಕಲಿಯುತ್ತಿದ್ದಾನೆ. ನಮ್ಮ ಮನೆಯ ಮೋಟರ್ ಕೆಟ್ಟಾಗ ಬಂದಿದ್ದ. ಕೆಲಸ ಮುಗಿಸಿ ಕೈ ತೊಳೆಯುತ್ತಾ, "ನನಗೆ ಲೆಕ್ಕ ಬರುತ್ತಿತ್ತು ಟೀಚರ್, ಬೇಡವಾಗಿತ್ತು ಅಷ್ಟೆ" ಎಂದ.

ಬಾರದ್ದು ಬೇರೆ, ಬೇಡದ್ದು ಬೇರೆ. ಅಂಕಪಟ್ಟಿಯಲ್ಲಿ ಎರಡಕ್ಕೂ ಬೀಳುವುದು ಒಂದೇ ಅಕ್ಷರ, ಆದ್ದರಿಂದ ಈಗ ಮೇ ತಿಂಗಳಲ್ಲಿ ಯಾರು ಬಂದು ಕೇಳಿದರೂ ಅಂಕಪಟ್ಟಿಯನ್ನು ಮಡಚಿಡಲು ಹೇಳುತ್ತೇನೆ. ಒಂದು ಹಾಳೆ ಕೊಟ್ಟು ನಾಲ್ಕು ಲೆಕ್ಕ ಮಾಡಿಸುತ್ತೇನೆ, ಎರಡು ಆರನೆಯ ತರಗತಿಯವು. ಎಲ್ಲಿ ತಡೆಯುತ್ತದೆ ನೋಡುತ್ತೇನೆ. ತಡೆದಲ್ಲಿ ಹತ್ತು ದಿನದ ಕೆಲಸವಿದ್ದರೆ ಹಾಗೆಯೇ ಹೇಳುತ್ತೇನೆ, ಹೆಚ್ಚಿದ್ದರೆ ಅದನ್ನೂ. ನಂತರ ತಾಯಿಯನ್ನು ಹೊರಗೆ ಕೂರಿಸಿ ಮಗುವಿನಲ್ಲಿ ಕೇಳುತ್ತೇನೆ, ಬೇಕೋ ಬೇಡವೋ ಎಂದು. ಒಬ್ಬೊಬ್ಬರಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಹೊರಗೆ ಕಾಯುವವರಿಗೆ ನನ್ನ ಮೇಲೆ ಸಿಟ್ಟು ಬರುತ್ತದೆ, ಕೆಲವರು ಬೇರೆ ಟೀಚರನ್ನು ಕೇಳಿಕೊಂಡು ಹೋಗುತ್ತಾರೆ. ಹೋಗಲಿ.

ಅಡಿಕೆಯ ಹುಡುಗ ಒಂಬತ್ತಕ್ಕೆ ದಾಟಿದ. ಭಿನ್ನರಾಶಿಯಲ್ಲಿ ಈಗ ತಪ್ಪುವುದಿಲ್ಲ, ಆದರೆ ಹೊಸ ಜಗಳ ತೆಗೆದ. ಋಣವನ್ನು ಋಣದಿಂದ ಗುಣಿಸಿದರೆ ಧನ ಬರುತ್ತದೆ ಎಂಬುದನ್ನು ಅವನು ಒಪ್ಪಲಿಲ್ಲ. "ನಮ್ಮಪ್ಪ ಸೊಸೈಟಿಯಲ್ಲಿ ಸಾಲದ ಮೇಲೆ ಸಾಲ ಮಾಡಿದ್ದಾರೆ ಟೀಚರ್, ಧನ ಎಲ್ಲಿ ಬಂತು?" ಸಂಖ್ಯಾರೇಖೆ ಎಳೆದು ತೋರಿಸಿದೆ, ವಿನ್ಯಾಸ ಬರೆದು ತೋರಿಸಿದೆ. ಬರೆದುಕೊಂಡ, ಒಪ್ಪಲಿಲ್ಲ. ಸೋಮವಾರ ನೋಡೋಣ ಎಂದು ಹೇಳಿ ಸ್ಟಾಫ್ ರೂಮಿಗೆ ಬಂದೆ.