ಹೆಣ್ಣು ಹೆಣ್ಣೇ ಅಲ್ಲವೇ ಎಂದು ಕೇಳುವವರಿಗೆ

ಅಮೆರಿಕದ ಕಪ್ಪು ಮಹಿಳೆಯರ ಇತಿಹಾಸ ಪಾಠ ಮಾಡುತ್ತೇನೆ ಎಂದ ಕೂಡಲೇ ಎದುರಾಗುವ ಪ್ರಶ್ನೆ ಒಂದೇ: "ಹೆಣ್ಣು ಎಲ್ಲಿದ್ದರೂ ಹೆಣ್ಣೇ ಅಲ್ಲವೇ ಮೇಡಂ? ಅದರಲ್ಲೂ ಕಪ್ಪು, ಬಿಳಿ ಎಂದು ಯಾಕೆ ಭೇದ ಮಾಡುತ್ತೀರಿ?" ಮದುವೆ ಮನೆಯ ಪಂಕ್ತಿಯಲ್ಲಿ ಕೇಳಿದ್ದಾರೆ, ಸಿಬ್ಬಂದಿ ಕೊಠಡಿಯಲ್ಲಿ ಕೇಳಿದ್ದಾರೆ, ಬಸ್ಸಿನಲ್ಲಿ ಪಕ್ಕದ ಸೀಟಿನವರೂ ಕೇಳಿದ್ದಾರೆ. ಬಾಯಿ ನೋಯುವಷ್ಟು ಹೇಳಿದ್ದಾಯಿತು. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ಭೇದ ಮಾಡಿದ್ದು ನಾನಲ್ಲ. ಕಪ್ಪು ಸ್ತ್ರೀವಾದಿಗಳೂ ಅಲ್ಲ.

ಐಡಾ ಬಿ. ವೆಲ್ಸ್ 1862ರಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿ, ಮುಂದೆ ಟೆನೆಸ್ಸಿ ರಾಜ್ಯದಲ್ಲಿ ಶಾಲಾ ಶಿಕ್ಷಕಿಯಾದವರು. ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ ಮೊದಲ ದರ್ಜೆಯ ಟಿಕೆಟ್ ಕೊಂಡು ರೈಲಿನ ಮಹಿಳಾ ಬೋಗಿಯಲ್ಲಿ ಕುಳಿತಿದ್ದರು. ಕಂಡಕ್ಟರ್ ಬಂದು ಹೊಗೆ ಸೇದುವವರ ಬೋಗಿಗೆ ಹೋಗು ಎಂದ. ಏಳಲಿಲ್ಲ. ತೋಳು ಹಿಡಿದು ಎಳೆದ. ವೆಲ್ಸ್ ಮುಂದಿನ ಸೀಟಿಗೆ ಕಾಲು ಒತ್ತಿಕೊಂಡು ಅವನ ಕೈಯನ್ನು ಬಲವಾಗಿ ಕಚ್ಚಿದರು. ಅವನು ಇನ್ನಿಬ್ಬರನ್ನು ಕರೆತಂದ. ಮೂವರೂ ಸೇರಿ ಆ ಹುಡುಗಿಯನ್ನು ಹೊರಗೆಳೆದರು. ಬೋಗಿಯಲ್ಲಿದ್ದ ಬಿಳಿಯ ಹೆಂಗಸರೂ ಅವರ ಜೊತೆಗಿದ್ದ ಗಂಡಸರೂ ಚಪ್ಪಾಳೆ ತಟ್ಟಿದರು. ಕೆಲವರು ಚೆನ್ನಾಗಿ ಕಾಣಲೆಂದು ಸೀಟಿನ ಮೇಲೆ ಹತ್ತಿ ನಿಂತರು. ಅದು ಮಹಿಳೆಯರ ಬೋಗಿ ಎಂಬುದನ್ನು ದಯವಿಟ್ಟು ಮರೆಯಬೇಡಿ. ವೆಲ್ಸ್ ಮೊಕದ್ದಮೆ ಹೂಡಿದರು. 1884ರಲ್ಲಿ ಅವರಿಗೆ 500 ಡಾಲರ್ ಪರಿಹಾರ ಸಿಕ್ಕಿತು, 1887ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನೇ ತಳ್ಳಿಹಾಕಿತು.

ಒಂದು ಊರಿನ ಸಭೆಯಲ್ಲಿ ಇಷ್ಟನ್ನೂ ಹೇಳಿ ಮುಗಿಸಿದ್ದೆ. ಓದಿಕೊಂಡವರಂತೆ ಕಾಣುತ್ತಿದ್ದ ಹಿರಿಯರೊಬ್ಬರು ಎದ್ದು ನಿಂತು, "ಎಲ್ಲ ಸರಿ ಮೇಡಂ, ಆದರೆ ತಾಯಿಯ ನೋವಿಗೆ ಬಣ್ಣವಿದೆಯೇ?" ಎಂದರು. ಸಭೆಗೆ ಸಭೆಯೇ ಚಪ್ಪಾಳೆ ಹೊಡೆಯಿತು. ಅಧ್ಯಕ್ಷರು ಕೂಡ ತಲೆದೂಗಿದರು. ಕಾರ್ಯಕ್ರಮಕ್ಕೆ ಹೊತ್ತಾಯಿತೆಂದು ನನ್ನ ಕೈಯಿಂದ ಮೈಕ್ ತೆಗೆದುಕೊಂಡರು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಇದೆ ಸ್ವಾಮಿ, ಬಣ್ಣವಿದೆ. 2023ರಲ್ಲಿ ಅಮೆರಿಕದಲ್ಲಿ ಪ್ರತಿ ಒಂದು ಲಕ್ಷ ಜೀವಂತ ಜನನಗಳಿಗೆ ಸತ್ತ ಬಿಳಿಯ ತಾಯಂದಿರು 14.5, ಕಪ್ಪು ತಾಯಂದಿರು 50.3. ಇದು ಅಲ್ಲಿನ ಸರ್ಕಾರದ್ದೇ ಲೆಕ್ಕ. ಬಡತನವೇ ಕಾರಣ ಎನ್ನುತ್ತೀರಾ? ಕಪ್ಪು ಟೆನಿಸ್ ತಾರೆ ಸೆರೆನಾ ವಿಲಿಯಮ್ಸ್ ಬಡವರಲ್ಲ. 2017ರಲ್ಲಿ ಸಿಸೇರಿಯನ್ ಹೆರಿಗೆಯಾದ ಮರುದಿನ ಅವರಿಗೆ ಉಸಿರು ಕಟ್ಟಿತು. ಹಿಂದೆ ರಕ್ತ ಹೆಪ್ಪುಗಟ್ಟಿದ ಅನುಭವವಿದ್ದುದರಿಂದ ಏನಾಗುತ್ತಿದೆ ಎಂಬುದು ಅವರಿಗೆ ಗೊತ್ತಿತ್ತು. ಸಿಟಿ ಸ್ಕ್ಯಾನ್ ಮಾಡಿಸಿ ಎಂದು ಬಾಯಿಬಿಟ್ಟು ಕೇಳಿದರು. ನೋವಿನ ಮದ್ದಿನಿಂದ ಏನೋ ಕನವರಿಸುತ್ತಿದ್ದಾರೆ ಎಂದುಕೊಂಡರು ನರ್ಸ್. ಕೊನೆಗೆ ಸ್ಕ್ಯಾನ್ ಮಾಡಿದಾಗ ಶ್ವಾಸಕೋಶದಲ್ಲಿ ಹೆಪ್ಪುಗಳು ಕಂಡವು. ಜಗತ್ತಿಗೆಲ್ಲ ಗೊತ್ತಿರುವ ಆಟಗಾರ್ತಿಯ ಮಾತೇ ನಡೆಯದ ಕಡೆ, ಹೆಸರಿಲ್ಲದ ಬಾಣಂತಿಯ ಗತಿ ಏನು?

"ಅವರು ಕಪ್ಪು ಜನರೆಂದು ಹೋರಾಡಲಿ, ಇಲ್ಲವೇ ಹೆಂಗಸರೆಂದು ಹೋರಾಡಲಿ" ಎನ್ನುವವರಿದ್ದಾರೆ. ನ್ಯಾಯಾಲಯವೂ ಹಾಗೆಯೇ ಹೇಳಿತ್ತು. ಜನರಲ್ ಮೋಟರ್ಸ್ ಕಂಪನಿಯ ವಿರುದ್ಧ ಸೇಂಟ್ ಲೂಯಿಸ್‌ನಲ್ಲಿ ಐವರು ಕಪ್ಪು ಮಹಿಳೆಯರು ದಾವೆ ಹೂಡಿದ್ದರು. 1964ಕ್ಕೆ ಮೊದಲು ಆ ಕಂಪನಿ ಕಪ್ಪು ಹೆಂಗಸರನ್ನು ಹೆಚ್ಚುಕಡಿಮೆ ಕೆಲಸಕ್ಕೇ ಸೇರಿಸಿಕೊಂಡಿರಲಿಲ್ಲ. ವ್ಯಾಪಾರ ಕುಸಿದಾಗ ಕೊನೆಗೆ ಸೇರಿದವರನ್ನು ಮೊದಲು ತೆಗೆಯಿತು. ಕೊನೆಗೆ ಸೇರಿದವರು ಯಾರೆಂದು ಹೇಳಬೇಕಿಲ್ಲ. 1976ರ ತೀರ್ಪು ಹೇಳಿದ್ದಿಷ್ಟು: ಕಂಪನಿ ಹೆಂಗಸರಿಗೆ ಕೆಲಸ ಕೊಟ್ಟಿದೆ, ಆದ್ದರಿಂದ ಲಿಂಗತಾರತಮ್ಯವಿಲ್ಲ. ಜನಾಂಗದ ದೂರಿದ್ದರೆ ಅದನ್ನು ಬೇರೆ ಹೇಳಿಕೊಳ್ಳಿ. ಎರಡನ್ನೂ ಕೂಡಿಸಿ ಕೇಳುವಂತಿಲ್ಲ. ಆದರೆ ಕಂಪನಿಯ ಕಚೇರಿಯಲ್ಲಿದ್ದ ಹೆಂಗಸರು ಬಿಳಿಯರು, ಯಂತ್ರದ ಮುಂದಿದ್ದ ಕಪ್ಪು ಕೆಲಸಗಾರರು ಗಂಡಸರು. ಕಾನೂನು ಪಂಡಿತೆ ಕಿಂಬರ್ಲೆ ಕ್ರೆನ್‌ಶಾ 1989ರಲ್ಲಿ ಇಂಟರ್‌ಸೆಕ್ಷನಾಲಿಟಿ, ಅಂದರೆ ಜನಾಂಗ, ಲಿಂಗದಂಥ ತಾರತಮ್ಯಗಳು ಒಬ್ಬರ ಮೇಲೆಯೇ ಒಟ್ಟಿಗೆ ಬಿದ್ದಾಗ ಅವನ್ನು ಬಿಡಿಬಿಡಿಯಾಗಿ ನೋಡಲಾಗದು ಎಂಬ ಪರಿಕಲ್ಪನೆಯನ್ನು ಮುಂದಿಟ್ಟಾಗ ಎತ್ತಿಕೊಂಡ ಉದಾಹರಣೆಗಳಲ್ಲಿ ಇದೂ ಒಂದು.

ಅವರ ದೇಶದ ಜಗಳ ನಮಗೇಕೆ ಎನ್ನುವವರಿಗೂ ಒಂದು ಮಾತು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1941ರಲ್ಲಿ ಅಮೆರಿಕದ ದಕ್ಷಿಣ ಭಾಗದಲ್ಲಿ ರೈಲಿನಲ್ಲಿ ಹೋಗುತ್ತಿದ್ದಾಗ, ಬಿಳಿಯರ ಜಾಗ ಬಿಟ್ಟೇಳುವಂತೆ ಟಿಕೆಟ್ ತಪಾಸಣೆಯವನು ಹೇಳಿದ. ಆಮೇಲೆ ಅನುಮಾನ ಬಂದು ಯಾವ ದೇಶದವರು ಎಂದು ವಿಚಾರಿಸಿದ. ಭಾರತದವಳೆಂಬ ರಿಯಾಯಿತಿಯ ಹಿಂದೆ ಅವರು ಅಡಗಿಕೊಳ್ಳಲಿಲ್ಲ. ತಾನೂ ವರ್ಣೀಯ ಹೆಂಗಸೇ, ಏಳುವ ಉದ್ದೇಶವಿಲ್ಲ ಎಂದು ಹೇಳಿ ಕುಳಿತೇ ಇದ್ದರು. ನಮ್ಮ ಕಡೆಯವರೇ ಅಷ್ಟು ಸ್ಪಷ್ಟವಾಗಿ ಕಂಡಿದ್ದನ್ನು ಇಂದು ನಾನು ಮತ್ತೆ ವಾದ ಮಾಡಿ ಒಪ್ಪಿಸಬೇಕಾಗಿದೆ.

ನನ್ನನ್ನು ಯಾರಾದರೂ ಕೇಳಲಿ ಎಂದು ನಾನು ಆಸೆಪಡುವ ಪ್ರಶ್ನೆಯೇ ಬೇರೆ. ಮನೆಯಿಂದ ಹೊರಗೆ ಬಂದು ದುಡಿಯುವ ಹಕ್ಕು ಬೇಕು ಎಂದು ಬಿಳಿಯ ಗೃಹಿಣಿಯರು ಕೇಳುತ್ತಿದ್ದಾಗ, ಅವರ ಮನೆಯ ನೆಲ ಒರೆಸುತ್ತಿದ್ದವರು ಯಾರು?

ಕಪ್ಪು ಹೋರಾಟಗಾರ್ತಿ ಎಲಾ ಬೇಕರ್ ಮತ್ತು ಕಪ್ಪು ಪತ್ರಕರ್ತೆ ಮಾರ್ವೆಲ್ ಕುಕ್ 1935ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ಗೆ ಹೋಗಿ ನೋಡಿ ಬರೆದರು. ಕೆಲಸದ ಬಟ್ಟೆಯನ್ನು ಕಾಗದದ ಚೀಲದಲ್ಲಿಟ್ಟುಕೊಂಡು ಕಪ್ಪು ಹೆಂಗಸರು ರಸ್ತೆಯ ಮೂಲೆಗಳಲ್ಲಿ ನಿಂತಿರುತ್ತಿದ್ದರು. ಬಿಳಿಯ ಗೃಹಿಣಿಯರು ಬಂದು ಗಂಟೆಗಿಷ್ಟು ಸೆಂಟ್ ಎಂದು ಚೌಕಾಸಿ ಮಾಡಿ ಕರೆದೊಯ್ಯುತ್ತಿದ್ದರು. ಅದೇ ವರ್ಷ ಬಂದ ಸಾಮಾಜಿಕ ಭದ್ರತಾ ಕಾಯಿದೆ ಮನೆಗೆಲಸದವರನ್ನೂ ಹೊಲದ ಕೂಲಿಗಳನ್ನೂ ಹೊರಗಿಟ್ಟಿತು. ಮೂರು ವರ್ಷದ ಬಳಿಕ ಕನಿಷ್ಠ ಕೂಲಿಯ ಕಾಯಿದೆಯೂ ಹಾಗೆಯೇ ಮಾಡಿತು. ದಕ್ಷಿಣದ ಕಪ್ಪು ಹೆಂಗಸರಲ್ಲಿ ಬಹುಪಾಲು ಜನ ಮಾಡುತ್ತಿದ್ದುದು ಈ ಎರಡೇ ಕೆಲಸ.

ಅವರು ಸುಮ್ಮನೆ ಕೂರಲಿಲ್ಲ. ಅಟ್ಲಾಂಟಾದ ಡೊರೊಥಿ ಬೋಲ್ಡನ್ ಬಾಲ್ಯದಿಂದಲೇ ಮನೆಗೆಲಸ ಮಾಡಿದವರು. ಕೆಲಸಕ್ಕೆ ಹೋಗುವ ಹೆಂಗಸರು ಸಿಗುವುದು ಬಸ್ಸಿನಲ್ಲಿ ಎಂಬುದು ಅವರಿಗೆ ಗೊತ್ತಿತ್ತು. ಬಸ್ಸು ಬಸ್ಸು ಹತ್ತಿ ಮಾತನಾಡಿಸಿ 1968ರಲ್ಲಿ ಸಂಘ ಕಟ್ಟಿದರು. ಸದಸ್ಯೆಯಾಗಬೇಕಾದವರು ಒಂದು ಡಾಲರ್ ಕೊಡಬೇಕಿತ್ತು, ಮತದಾರರ ಪಟ್ಟಿಯಲ್ಲಿ ಹೆಸರನ್ನೂ ಬರೆಸಿರಬೇಕಿತ್ತು. ಕನಿಷ್ಠ ಕೂಲಿಯ ಕಾಯಿದೆ ಮನೆಗೆಲಸದವರಿಗೂ ಅನ್ವಯವಾದದ್ದು 1974ರಲ್ಲಿ. ಬೋಲ್ಡನ್ ಬಗ್ಗೆ ಕೇಳಿ, ಎಷ್ಟು ಹೊತ್ತಾದರೂ ಕುಳಿತು ಹೇಳುತ್ತೇನೆ.